ಬೇಗ ಬಿದ್ದ ಗುಲಾಲು

ಜಳಕ ಮಾಡಬಾರದು ಎಂದು ಶಾಂತಲಿಂಗಪ್ಪ ಕಣ್ಣು ಬಿಟ್ಟ ಕೂಡಲೇ ಮತ್ತೊಮ್ಮೆ ನಿಶ್ಚಯ ಮಾಡಿದ. ನಿನ್ನೆಯೂ ಮಾಡಿರಲಿಲ್ಲ. ಮೊನ್ನೆ ಅಕ್ಕಲಕೋಟದ ತಹಶೀಲ ಕಚೇರಿಯ ಮುಂದೆ ತಲೆಯ ಮೇಲೆ ಬಿದ್ದ ಗುಲಾಲು ಕಿವಿಯ ಸಂದಿಯಲ್ಲಿ, ಕತ್ತಿನ ನೆರಿಗೆಯಲ್ಲಿ, ಉಗುರಿನ ಬುಡದಲ್ಲಿ ಇನ್ನೂ ಕೂತಿತ್ತು. ದಿಂಬಿನ ಮೇಲೆ ತಲೆ ಇಟ್ಟಲ್ಲೆಲ್ಲ ಗುಲಾಬಿ ಕಲೆ. ಬಚ್ಚಲಲ್ಲಿ ಗಿರಿಜಾಬಾಯಿ ಹಂಡೆಯ ಕೆಳಗೆ ತೊಗರಿ ಕಟ್ಟಿಗೆ ತುರುಕುತ್ತಿದ್ದಳು. ಹೊಗೆ ಪಡಸಾಲೆಯವರೆಗೂ ಬಂದಿತ್ತು. ಅವಳು ಬೇಕೆಂದೇ ಹೊಗೆ ಎಬ್ಬಿಸುತ್ತಿದ್ದಾಳೆ ಎನ್ನಿಸಿತು ಅವನಿಗೆ. ಎರಡು ದಿನದಿಂದ ಅವನಿಗೆ ಎಲ್ಲರೂ ಎಲ್ಲವನ್ನೂ ಬೇಕೆಂದೇ ಮಾಡುತ್ತಿರುವಂತೆ ಕಾಣುತ್ತಿತ್ತು.

"ನೀರು ಕಾದಾವ. ಏಳ್ತೀರೋ ಇಲ್ಲೋ?"

"ಬ್ಯಾಡ."

"ಎಷ್ಟ ದಿನ ಹಿಂಗ? ದಿಂಬಿನ ಚೀಲಾ ನಾ ತೊಳಿಯೂದಿಲ್ಲ ನೋಡ್ರಿ, ನೀವ ತೊಳ್ಕೋರಿ."

"ಗಿರಿಜಾ, ಗುಲಾಲು ತೊಳ್ಕೊಂಡ್ರ ಸೋತೀನಿ ಅಂತ ಒಪ್ಕೊಂಡಂಗ."

"ಒಪ್ಕೋರಿ. ಏನ ಆಕ್ಕೈತಿ?" ಎಂದಳು ಅವಳು, ಮೊಸರು ಮುಗಿದಿದೆ ಎಂದಷ್ಟೇ ಸಲೀಸಾಗಿ.

ಅವನು ಮಂಚದಿಂದ ಕಾಲು ಇಳಿಬಿಟ್ಟ. ಪಾದಗಳು ನೆಲ ಮುಟ್ಟುವ ಮೊದಲೇ ಚಪ್ಪಲಿಯೊಳಗೆ ಹೊಕ್ಕವು. ಹೊಸ ಚಪ್ಪಲಿ, ಹೆಜ್ಜೆ ಇಟ್ಟರೆ ಕರಕರ ಎನ್ನುವಂಥದ್ದು. ನಿನ್ನೆ ಇಡೀ ದಿನ ಮನೆಯೊಳಗೂ ಅದನ್ನೇ ಮೆಟ್ಟಿಕೊಂಡು ತಿರುಗಾಡಿ ಬೈಸಿಕೊಂಡಿದ್ದ. ಬೈದರೆ ಬೈಯಲಿ. ಅವನನ್ನು ಕಾಡುತ್ತಿದ್ದದ್ದು ಬೇರೆಯೇ ಸಂಗತಿ, ಅದನ್ನು ಹೆಂಡತಿಗೂ ಹೇಳುವಂತಿರಲಿಲ್ಲ: ಸೋತ ಮೇಲೆ ಅವನಿಗೆ ಹಾಳು ನಿದ್ದೆ ಸೊಗಸಾಗಿ ಬರುತ್ತಿತ್ತು. ಸೋತವನು, ಅಲ್ಲ, ಮೋಸಹೋದವನು, ಹಾಸಿಗೆಯಲ್ಲಿ ಹೊರಳಾಡಬೇಕು, ಊಟ ಬಿಡಬೇಕು. ಇವನು ಗೊರಕೆ ಹೊಡೆದಿದ್ದ. ಫೋನು ಒಮ್ಮೆಯೂ ರಿಂಗಣಿಸಿರಲಿಲ್ಲ. ರಿಂಗಣಿಸದ ಫೋನನ್ನು ನೋಡಿ ಸಿಟ್ಟು ತಂದುಕೊಳ್ಳಲು ಯತ್ನಿಸಿದ, ಸಿಟ್ಟೂ ಪೂರ್ತಿ ಬರಲಿಲ್ಲ. ಕದ್ದು ಬೆಲ್ಲ ತಿಂದವನ ಹಾಗೆ ಆ ನಿದ್ದೆಯನ್ನು ಮುಚ್ಚಿಟ್ಟುಕೊಂಡು, ಮುಖ ಗಂಟುಹಾಕಿಕೊಂಡು, ಜಳಕವಿಲ್ಲದೆ ಸೊಲ್ಲಾಪುರಕ್ಕೆ ಹೊರಟ. ಗಿರಿಜಾಬಾಯಿಯ ಅಣ್ಣನ ಮಗ ಶೈಲೇಶ ಅಲ್ಲಿ ವಕೀಲ. ಕೇಸು ಹಾಕಿಯೇ ಬಿಡುವುದು.

ಚಪ್ಪಲಿಯ ಕಥೆ ಊರಿಗೆಲ್ಲ ಗೊತ್ತು, ಅದರ ಮೂಲ ಮಾತ್ರ ಯಾರಿಗೂ ಗೊತ್ತಿಲ್ಲ. ಒಮ್ಮೆ ಸರಪಂಚನಾಗಿದ್ದ ಶಾಂತಲಿಂಗಪ್ಪ ಹೋದ ಸಲದ ಚುನಾವಣೆಯಲ್ಲಿ ಸೋತ. ಆ ದಿನ ಎಣಿಕೆಯ ನೂಕುನುಗ್ಗಲಲ್ಲಿ ಯಾರೋ ಹಿಂದಿನಿಂದ ಮೆಟ್ಟಿ ಅವನ ಒಂದು ಚಪ್ಪಲಿಯ ಉಂಗುಟ ಕಿತ್ತುಹೋಯಿತು. ಒಂದು ಕಾಲಲ್ಲಿ ಚಪ್ಪಲಿ, ಇನ್ನೊಂದು ಬರಿಗಾಲು, ಹೀಗೆ ಕುಂಟುತ್ತ ಗೇಟಿನಿಂದ ಹೊರಬರುವಾಗ ಯಾರೋ ಕಿಸಕ್ಕೆಂದು ನಕ್ಕರು. ಸೋಲನ್ನಾದರೂ ನುಂಗಿಕೊಂಡಾನು, ಆ ನಗು ಗಂಟಲಲ್ಲಿ ಇಳಿಯಲಿಲ್ಲ. ಉಳಿದ ಚಪ್ಪಲಿಯನ್ನೂ ಕಿತ್ತು ದೂರ ಬೀಸಿ ಒಗೆದು, "ಮೈಮ್ಯಾಲ ಗೆದ್ದ ಗುಲಾಲು ಬೀಳೂತನಕ ಕಾಲಾಗ ಚಪ್ಪಲಿ ಹಾಕೂದಿಲ್ಲ, ಬಸವಣ್ಣನ ಆಣಿ!" ಎಂದು ಕೂಗಿದ. ಜನ ಚಪ್ಪಾಳೆ ಹೊಡೆದರು. ಚಪ್ಪಾಳೆ ಬಿದ್ದ ಮೇಲೆ ಮಾತು ಹಿಂದಕ್ಕೆ ಬರುವುದುಂಟೇ? ಅಂದಿನಿಂದ ಮೊನ್ನೆಯತನಕ ಅವನು ಬರಿಗಾಲಲ್ಲಿ ನಡೆದ. ಬೇಸಿಗೆಯಲ್ಲಿ ಕಾದ ಡಾಂಬರಿನ ಮೇಲೆ, ಕರಿಮಣ್ಣಿನ ಹೆಂಟೆಯ ಮೇಲೆ, ಜಾಲಿಮುಳ್ಳಿನ ಬದುವಿನ ಮೇಲೆ. ಮದುವೆ ಮನೆಗಳಲ್ಲಿ ಅವನ ಒಡೆದ ಹಿಮ್ಮಡಿ ನೋಡಿ ಹೆಂಗಸರು ಲೊಚಗುಟ್ಟಿದರು. ಅವನನ್ನು ಅಣ್ಣಾ ಎನ್ನುತ್ತ ಜೀಪು ಓಡಿಸುವ ರಾಚಪ್ಪ ಕೀಲಿಗೊಂಚಲಿಗೆ ಒಂದು ಚಿಮಟ ಕಟ್ಟಿಕೊಂಡ. ಎಲ್ಲಿ ಬೇಕೆಂದರಲ್ಲಿ ಗಾಡಿ ನಿಲ್ಲಿಸಿ, ಅಣ್ಣನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಮುಳ್ಳು ತೆಗೆಯುವುದೂ ಅವನ ಕೆಲಸವಾಯಿತು. ಓಣಿಯವರು ಶಾಂತಲಿಂಗಪ್ಪ ಬರುವುದನ್ನು ಕಂಡರೆ ತಾವೂ ಚಪ್ಪಲಿ ಬಿಟ್ಟು ನಿಲ್ಲತೊಡಗಿದರು, ಬರಿಗಾಲಿನ ಹಿರಿಯನ ಮುಂದೆ ಮೆಟ್ಟಿಕೊಂಡು ನಿಲ್ಲುವುದು ಚೆನ್ನಲ್ಲವೆಂದು. ಅವನು ಅದನ್ನು ಮರ್ಯಾದೆ ಎಂದು ತಿಳಿದು ಉಬ್ಬಿದ. ಕಾಲು ಸುಡುತ್ತದೆಂದು ಜನ ಎರಡೇ ಮಾತಿಗೆ ಮಾತು ಮುಗಿಸುತ್ತಿದ್ದದ್ದು, ಬರಬರುತ್ತ ಅವನನ್ನು ಕಂಡರೆ ಪಕ್ಕದ ಸಂದಿಗೆ ನುಸುಳುತ್ತಿದ್ದದ್ದು ಅವನ ತಲೆಗೆ ಹೋಗಲೇ ಇಲ್ಲ.

ಮೊನ್ನೆ ಆದದ್ದು ಇಷ್ಟು. ಮೊದಲಿನ ವಾರ್ಡುಗಳ ಎಣಿಕೆಯಲ್ಲೆಲ್ಲ ಅವನು ಎದುರಾಳಿ ಧರೆಪ್ಪನಿಗಿಂತ ಮುಂದಿದ್ದ. ಉಳಿದದ್ದು ಒಂದೇ ವಾರ್ಡು, ಅವನ ಸ್ವಂತ ಓಣಿಯದು, ಭಾವಕಿಯ ದಾಯಾದಿಗಳೇ ತುಂಬಿದ್ದು. "ಗೆದ್ದಂಗ ಬಿಡ್ರಿ ಅಣ್ಣಾ! ನಮ್ಮ ಓಣಿ ಎಲ್ಲಿಗಿ ಹೋಗ್ತೈತಿ?" ಎಂದು ಎಣಿಕೆಯ ಏಜೆಂಟನಾಗಿದ್ದ ರಾಚಪ್ಪ ಒಳಗಿನಿಂದ ಓಡಿಬಂದವನೇ ಚೀಲ ಬಿಚ್ಚಿ ಬೊಗಸೆ ಬೊಗಸೆ ಗುಲಾಲು ಅವನ ತಲೆಗೆ ಸುರಿದ. ಹಲಗಿ ಬಾರಿಸಿದರು. ರಾಚಪ್ಪ ಮಣ್ಣಲ್ಲಿ ಮೊಣಕಾಲೂರಿ, ಡಬ್ಬಿಯಿಂದ ಹೊಸ ಚಪ್ಪಲಿ ತೆಗೆದು, ಒಂದೊಂದಾಗಿ ಅವನ ಪಾದಕ್ಕೆ ತೊಡಿಸಿದ. ಶಾಂತಲಿಂಗಪ್ಪನ ಕಣ್ಣಲ್ಲಿ ನೀರು ಬಂತು, ಎಲ್ಲರೂ ನೋಡಿದರು. ಆಮೇಲೆ ಧ್ವನಿವರ್ಧಕದ ಭೋಂಗಾದಲ್ಲಿ ಕೊನೆಯ ವಾರ್ಡಿನ ಫಲಿತಾಂಶ ಹೇಳಿದರು. ಸ್ವಂತ ಓಣಿಯೇ ಧರೆಪ್ಪನಿಗೆ ಮತ ಹಾಕಿತ್ತು. ಹಲಗಿ ಒಂದು ಗಳಿಗೆ ನಿಂತು, ಗೇಟಿನ ಆ ಕಡೆ, ಧರೆಪ್ಪನ ಕಡೆ, ಮತ್ತೆ ಶುರುವಾಯಿತು. ಮತ್ತೆ ಎಣಿಸಿರಿ ಎಂದು ಶಾಂತಲಿಂಗಪ್ಪ ಕೂಗಾಡಿದ, ಮತ್ತೆ ಎಣಿಸಿದರು, ಅದೇ ಬಂತು. ಅವನು ಗುಲಾಲು ಹತ್ತಿದ ಕೈಯಿಂದ ಎಲ್ಲರೆದುರು ರಾಚಪ್ಪನ ಕಪಾಳಕ್ಕೆ ಹೊಡೆದ. ರಾಚಪ್ಪನ ಕೆನ್ನೆಯ ಮೇಲೆ ಐದು ಬೆರಳು ಗುಲಾಬಿಯಾಗಿ ಮೂಡಿದವು. ಅವನು ಕೆನ್ನೆ ಒರೆಸಿಕೊಳ್ಳಲೂ ಇಲ್ಲ, ಜೀಪು ತಂದು ಅಣ್ಣನನ್ನು ಮನೆಗೆ ಬಿಟ್ಟುಹೋದ. ಆಮೇಲೆ ಮುಖ ತೋರಿಸಿಲ್ಲ.

ಹಾಗಾಗಿ ಇಂದು ಎಸ್.ಟಿ. ಬಸ್ಸೇ ಗತಿ. ಓಣಿಯಲ್ಲಿ ಕರಕರ ಎನ್ನುತ್ತ ನಡೆದ. ಚಪ್ಪಲಿ ಬಿಚ್ಚಿದರೆ ಸೋತಂತೆ, ಮೆಟ್ಟಿಕೊಂಡರೆ ನಗೆಪಾಟಲು. ಆದರೂ ಮೆಟ್ಟಿಕೊಂಡೇ ನಡೆದ. ಕಟ್ಟೆಯ ಮೇಲೆ ಕೂತಿದ್ದ ಸಾತಲಿಂಗಪ್ಪ ಅವನನ್ನು ಕಂಡು ಹಳೆಯ ರೂಢಿಯಂತೆ ಒಂದು ಕಾಲಿನ ಚಪ್ಪಲಿ ಬಿಟ್ಟ. ಇವನ ಕಾಲು ನೋಡಿದ. ಇನ್ನೊಂದನ್ನು ಬಿಡಬೇಕೋ, ಬಿಟ್ಟದ್ದನ್ನು ಹಾಕಿಕೊಳ್ಳಬೇಕೋ ತಿಳಿಯದೆ ಹಾಗೇ ನಿಂತ. ಇವನೇ, ಇವನೇ ನನಗೆ ಮತ ಹಾಕಿಲ್ಲ, ಎಂದುಕೊಂಡ ಶಾಂತಲಿಂಗಪ್ಪ. ಹೋದ ವರ್ಷ ಇವನ ಮಗಳ ಮದುವೆಗೆ ನಾನೇ ಮುಂದೆ ನಿಂತೆ. ಪಕ್ಕದ ಮನೆಯ ಬಾಗಿಲು ಅರ್ಧ ತೆರೆದಿತ್ತು, ಒಳಗಿನಿಂದ ಯಾರೋ ನೋಡುತ್ತಿದ್ದರು. ಆ ಮನೆಯವರೂ ಹಾಕಿಲ್ಲ. ಓಣಿ ಮುಗಿಯುವಷ್ಟರಲ್ಲಿ ಅವನಿಗೆ ಮತ ಹಾಕಿದವರು ಒಬ್ಬರೂ ಉಳಿದಿರಲಿಲ್ಲ. ಅಂದ ಮೇಲೆ ತನಗೆ ಬಿದ್ದ ಅಷ್ಟು ಮತಗಳು ಎಲ್ಲಿಂದ ಬಂದವು ಎಂಬ ಪ್ರಶ್ನೆ ಬಸ್ಸು ನಿಲ್ಲುವ ಕೂಡುರಸ್ತೆ ಕರಜಗಿ ಫಾಟಾ ಮುಟ್ಟುವತನಕ ಅವನನ್ನು ಬಿಡಲಿಲ್ಲ.

ಬಸ್ಸಿನಲ್ಲಿ ಪಕ್ಕಕ್ಕೆ ಬಂದು ಕೂತ ಮುದುಕಿ ಅವನ ಕಿವಿಯನ್ನೇ ದಿಟ್ಟಿಸಿದಳು. ಮಡಿಲಲ್ಲಿ ಗಂಟು, ಹಣೆಯ ಮೇಲೆ ವಿಭೂತಿ. "ಗುಲಾಲು ಬಿದ್ದೈತಲ್ಲರಿ. ಆರಿಸಿ ಬಂದೀರೇನ್ರಿ ಸಾವಕಾರ್ರ?"

"ಹೂಂ," ಎಂದುಬಿಟ್ಟ. ಬಾಯಿಂದ ಅದು ಹೇಗೆ ಜಾರಿತೋ. ಮುಖಕ್ಕೆ ರಕ್ತ ನುಗ್ಗಿ ಕಿವಿ ಇನ್ನಷ್ಟು ಕೆಂಪಾದದ್ದು ಅವನಿಗೇ ತಿಳಿಯಿತು.

"ಬಂಗಾರದಂಥಾ ಮಾತಾತು ನೋಡ್ರಿ! ನಾ ಸೋನಾಬಾಯಿ ಅಂತ. ಮರವಡೆ ಊರಾಗಿನ ಮಗಳ ಮನಿಗಿ ಹೊಂಟೀನಿ. ನಂದೊಂದು ಕೆಲಸ ಐತ್ರಿ ಸರಪಂಚರ. ಸರಕಾರದ ನಿರಾಧಾರ ಪಗಾರ ನಿಂತೈತಿ. ಮಶೀನಿನ್ಯಾಗ ನನ್ನ ಬೆರಳು ಮೂಡವಲ್ದಂತ. ಭಾಂಡಿ ತಿಕ್ಕಿ ತಿಕ್ಕಿ ಬೆರಳು ಸವದಾವ್ರಿ, ನಾ ಏನ ಮಾಡ್ಲಿ? ಬೆರಳು ಮೂಡದಿದ್ರ ನಾ ಸೋನಾಬಾಯಿ ಅಲ್ಲೇನ?"

"ನಿಮ್ಮೂರು ಬ್ಯಾರೆ ಆಗ್ತೈತಿ ತಾಯಿ."

"ಸರಪಂಚರಿಗಿ ಊರೇನ್ರಿ! ತಹಶೀಲದಾಗ ಒಂದ ಫೋನ ಹಚ್ರಿ, ಪುಣ್ಯಾ ಬರ್ತೈತಿ."

ಇಂಥ ಬೇಡಿಕೆ ಅವನಿಗೆ ಹೊಸದಲ್ಲ. ಸರಪಂಚನಾಗಿದ್ದಾಗ ಬೆಳಿಗ್ಗೆ ಚಹಾ ಕುಡಿಯುವ ಮೊದಲೇ ಅಂಗಳದಲ್ಲಿ ಜನ. ಪೈಪು ಒಡೆದಿದೆ, ದಾಖಲೆ ಬೇಕು, ಹೆಸರು ಬಿಟ್ಟುಹೋಗಿದೆ. ಅವರನ್ನೆಲ್ಲ ಕರೆದುಕೊಂಡು ಅಕ್ಕಲಕೋಟಕ್ಕೆ ಹೋಗಿ ಮೇಜಿನ ಮುಂದೆ ನಿಂತರೆ, ಮೇಜಿನ ಆ ಕಡೆಯವನು ತಲೆ ಎತ್ತದೆ "ಉದ್ಯಾ ಯಾ" ಅನ್ನುವನು. ನಾಳೆ ಬಾ. ನಾಳೆ ಹೋದರೆ ಮತ್ತೆ ನಾಳೆ. ಹೊರಗೆ ಬಂದು ಜನಕ್ಕೆ "ಆಗ್ತೈತಿ, ಆಗ್ತೈತಿ" ಅನ್ನುತ್ತ ನಗಬೇಕು. ಆ ನಗೆಯಿಂದ ದವಡೆ ನೋಯುತ್ತಿತ್ತು. ಇದೆಲ್ಲ ಮತ್ತೆ ಬೇಕೆಂದೇ ಅಲ್ಲವೇ ಇಷ್ಟು ಮುಳ್ಳು ತುಳಿದದ್ದು? ಪೈಪು ಇನ್ನು ಧರೆಪ್ಪನದು, ಮೇಜೂ ಅವನದು, ಉದ್ಯಾ ಯಾ ಅವನದು, ಎಂಬ ವಿಚಾರ ಬಂದ ಕೂಡಲೇ ಅವನ ತುಟಿಯ ಮೇಲೆ ಒಂದು ನಗು ಎದ್ದಿತು. ಛೇ, ಹೇಸಿ ನಗು. ಮುದುಕಿಗೆ ಕಾಣದಂತೆ ಮುಖವನ್ನು ಕಿಟಕಿಗೆ ತಿರುಗಿಸಿದ. ಅವಳು ಇಳಿಯುವಾಗ ಅವನ ಕೈ ಹಿಡಿದು ಹರಸಿದಳು. ಸುಳ್ಳು ಹೇಳಿ ಪಡೆದ ಹರಕೆ ಅಂಗೈಯಲ್ಲಿ ಅಂಟಂಟಾಗಿ ಉಳಿಯಿತು.

ಶೈಲೇಶನ ಆಫೀಸು ಚಾಟಿ ಗಲ್ಲಿಯಲ್ಲಿ, ಅವರದೇ ಬಟ್ಟೆ ಅಂಗಡಿಯ ಮೇಲೆ. ಮೆಟ್ಟಿಲ ತುಂಬ ಚಾದರದ ಗಂಟುಗಳು. ಹುಡುಗನಿಗೆ ಕನ್ನಡ ಓದಲು ಬಾರದು, ಮಾತು ಅರ್ಧ ಮರಾಠಿ. ಆದರೆ ಅತ್ತೆಯ ಗಂಡನೆಂದರೆ ಪ್ರೀತಿ. "ಯಾ ಮಾಮಾ, ಬಸಾ. ಚಹಾ ಸಾಂಗತೋ," ಎಂದು ಎದ್ದು ನಿಂತು, ಕುರ್ಚಿ ತೋರಿಸಿ ಚಹಾ ಹೇಳಿದ. ಕಿವಿಯ ಗುಲಾಲನ್ನು ನೋಡಿಯೂ ನೋಡದಂತೆ ಮಾಡಿದ. ಆ ಸೌಜನ್ಯ ಶಾಂತಲಿಂಗಪ್ಪನಿಗೆ ಕಪಾಳಕ್ಕೆ ಹೊಡೆದಂತಾಯಿತು.

"ಕೇಸ್ ಹಾಕು," ಎಂದ, ಕೂರುವ ಮೊದಲೇ. "ಮಶೀನಿನ್ಯಾಗ ಮೋಸ ಆಗೈತಿ. ಗುಲಾಲು ಬಿದ್ದ ಮ್ಯಾಲ ಸೋಲು ಹೆಂಗ ಬರ್ತೈತಿ?"

"ಕೇಸ್ ಆಗ್ತೈತಿ ಮಾಮಾ. ಆದ್ರ ಕಾರಣ ಬೇಕಲ್ಲ? ಗುಲಾಲು ಬಿದ್ದಿತ್ತು ಅಂತ ಕೋರ್ಟಿನ್ಯಾಗ ಹೇಳಾಕ ಬರೂದಿಲ್ಲ." ಶೈಲೇಶ ಪೆನ್ನು ತಿರುಗಿಸುತ್ತ ಕೂತ. "ಒಂದ ದಾರಿ ಐತಿ. ನಿನ್ನೆ ರಾಚಪ್ಪ ಬಂದಿದ್ದ."

"ಇಲ್ಲಿಗಿ? ಯಾವಾಗ?"

"ದುಪಾರಿ, ಊಟದ ಹೊತ್ತಿಗಿ. ಬರಿಗಾಲಾಗ. ಫರಶಿ ನೆಲದ ತುಂಬ ರಕ್ತದ ಕಲಿ ಆಗಿ ಕೆಲಸದಾಕಿ ಒರಸಬೇಕಾತು. ಯಾಕಪಾ ಅಂತ ಕೇಳಿನಿ. 'ಗುಲಾಲು ಮೊದಲ ಚೆಲ್ಲಿ ಅಪಶಕುನ ಮಾಡಿದಾಂವ ನಾನ. ಅಣ್ಣಾರು ಗೆಲ್ಲೂತನಕ ಚಪ್ಪಲಿ ಮೆಟ್ಟೂದಿಲ್ಲ' ಅಂದ. ಎಣಿಕಿ ಏಜೆಂಟ್ ಅಂವನ ಅಲ್ಲ? ಮಶೀನಿನ ಸೀಲು ಒಡದಿತ್ತು, ನಾ ಕಣ್ಣಾರೆ ನೋಡೀನಿ ಅಂತ ಆಣಿ ಮಾಡಿ ಬರದ ಕೊಡ್ತಾನಂತ."

"ಒಡದಿತ್ತೇನ?"

"ನಾನೂ ಹಿಂಗ ಕೇಳಿನಿ. 'ಅಣ್ಣಾ ಒಡದಿತ್ತು ಅಂದ್ರ ಒಡದಿತ್ತು' ಅಂದ." ಶೈಲೇಶ ನಗಲಿಲ್ಲ. "ನೀವು ಹೂಂ ಅಂದ್ರ ನಾಳೆ ಕರಿಸಿ ಸಹಿ ತಗೋತೀನಿ. ಆದ್ರ ಮಾಮಾ, ಖರೇ ಹೇಳ್ತೀನಿ, ಸುಳ್ಳು ಅಂತ ಹೊರಗ ಬಿದ್ರ ಒಳಗ ಹೋಗಾಂವ ಅಂವ. ನೀವಲ್ಲ."

"ಎಷ್ಟ ದಿನ ನಡೀತೈತಿ ಇದು?"

"ಮುಂದಿನ ಇಲೆಕ್ಷನ್ ತನಕ ಆರಾಮ ನಡೀತೈತಿ."

ಅಷ್ಟೂ ದಿನ ಜಳಕವಿಲ್ಲದೆ ಇರಬೇಕೇ ಎಂಬ ಹುಚ್ಚು ಪ್ರಶ್ನೆ ಮೊದಲು ಬಂತು. ಆಮೇಲೆ ರಾಚಪ್ಪನ ಪಾದ ಕಣ್ಣೆದುರು ಬಂತು, ಮೆತ್ತಗಿನ ಪಾದ. ಡ್ರೈವರನ ಕಾಲಿಗೆ ನೆಲದ ರೂಢಿ ಎಲ್ಲಿಯದು? ಹೋದ ಸಲ ಇವನು ಪಣ ತೊಟ್ಟಾಗ ರಾಚಪ್ಪನೂ ಚಪ್ಪಲಿ ಬಿಚ್ಚಲು ಹೊರಟಿದ್ದ. "ಒಬ್ಬಾಂವರ ನೆಟ್ಟಗ ನಡಿಯೋ ಮಾರಾಯಾ," ಎಂದು ಇವನೇ ತಡೆದಿದ್ದ. ಚಹಾ ತಣ್ಣಗಾಯಿತು. "ಹೇಳ್ತೀನಿ," ಎಂದು ಎದ್ದ. ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಇಳಿಯುವಾಗ ಮೆಟ್ಟಿಲ ಮೇಲೆ, ಗಂಟುಗಳ ಪಕ್ಕದಲ್ಲಿ, ಸರಿಯಾಗಿ ಒರೆಸದೆ ಉಳಿದ ಒಂದು ಕಂದು ಕಲೆ ಇತ್ತು. ಅದನ್ನು ತುಳಿಯದೆ ದಾಟಿದ.

ಹಸಿವಾಗಿತ್ತು. ಇದೂ ಒಂದು ನಾಚಿಕೆಗೇಡು. ಖಾನಾವಳಿಯೊಂದರಲ್ಲಿ ಕೂತು ಕಡಕ ಭಾಕರಿ, ಶೇಂಗಾ ಚಟ್ನಿ, ಮೇಲೆ ಮೊಸರು, ಮತ್ತೊಂದು ಭಾಕರಿ ಹೇಳಿ ಅದನ್ನೂ ಮುಗಿಸಿದ. ತಿನ್ನುತ್ತ ಟೇಬಲ್ಲಿನ ಕೆಳಗೆ ಪಾದಗಳನ್ನು ಚಪ್ಪಲಿಯೊಳಗೆ ಹಿಂದೆ ಮುಂದೆ ಆಡಿಸುತ್ತಿದ್ದ. ಬೆರಳುಗಳಿಗೆ ತೊಗಲಿನ ತಂಪು, ಹಿಮ್ಮಡಿಯ ಬಿರುಕಿಗೆ ಕಲ್ಲು ತಾಗದ ನೆಮ್ಮದಿ. ಆಗ ಅವನಿಗೆ ಒಮ್ಮೆಲೇ ಹೊಳೆಯಿತು. ಮೊನ್ನೆ ಕಣ್ಣಲ್ಲಿ ನೀರು ಬಂದದ್ದು ಗುಲಾಲು ಬಿದ್ದಾಗ ಅಲ್ಲ. ಅದು ಬಿದ್ದಾಗ ಅವನು ಸೀನಿದ್ದ ಅಷ್ಟೇ. ನೀರು ಬಂದದ್ದು ರಾಚಪ್ಪ ಚಪ್ಪಲಿ ತೊಡಿಸಿದಾಗ. ಇಷ್ಟು ವರ್ಷ ಅವನಿಗೆ ಬೇಕಾಗಿದ್ದದ್ದು ಸರಪಂಚಿಕೆ ಅಲ್ಲವೇ ಅಲ್ಲ, ಒಂದು ಜೊತೆ ಚಪ್ಪಲಿ! ಅದನ್ನು ಮೆಟ್ಟಲು ಬೇರೆ ದಾರಿ ಕಾಣದೆ ಊರೂರು ಕೈಮುಗಿದುಕೊಂಡು ತಿರುಗಿದ್ದ. ಎಂಥ ಮಳ್ಳ ನಾನು, ಎಂದುಕೊಂಡ. ನಗು ಬಂತು, ಈ ಸಲ ಮುಚ್ಚಲಿಲ್ಲ. ನೀರು ತಂದವನು ಗಾಬರಿಯಿಂದ ನೋಡಿದ. ಹೊರಗೆ ಬಂದು ಮನೆಗೆ ಫೋನು ಹಚ್ಚಿದ.

"ರಾಚಪ್ಪಗ ಜೀಪು ತಗೊಂಡು ಫಾಟಾಕ್ಕ ಬಾ ಅಂತ ಹೇಳು."

"ಏನ ಹೇಳೂದು?" ಎಂದಳು ಗಿರಿಜಾಬಾಯಿ. "ನೀವು ಬಸ್ಸು ಹತ್ತಿದ್ದು ಕೇಳಿ ಅಂವ ಆಗಿಂದ ಅಲ್ಲೇ ನಿಂತಾನ. ರೊಟ್ಟಿ ಕಟ್ಟಿ ಕಳಿಸೀನಿ, ತಿಂದಿಲ್ಲಂತ."

ಫಾಟಾದಲ್ಲಿ ಬಸ್ಸು ಇಳಿದಾಗ ಬಿಸಿಲು ಬಾಗಿತ್ತು. ರಾಚಪ್ಪ ಜೀಪಿಗೆ ಒರಗಿ ಒಂದೇ ಕಾಲ ಮೇಲೆ ಭಾರ ಬಿಟ್ಟು ನಿಂತಿದ್ದ, ಇನ್ನೊಂದರ ಹಿಮ್ಮಡಿ ನೆಲಕ್ಕೆ ತಾಗುತ್ತಿರಲಿಲ್ಲ. ಅಣ್ಣನನ್ನು ಕಂಡು ತಲೆ ತಗ್ಗಿಸಿದ. ಕೆನ್ನೆಯ ಅಂಚಿನಲ್ಲಿ ಗುಲಾಬಿ ಬಣ್ಣ ಇನ್ನೂ ಹಾಗೇ ಇತ್ತು. ಇವನೂ ಮುಖ ತೊಳೆದಿಲ್ಲ.

"ಕುಂಡ್ರು," ಎಂದ ಶಾಂತಲಿಂಗಪ್ಪ, ಜೀಪಿನ ಮೆಟ್ಟಿಲು ತೋರಿಸಿ. "ಕೀಲಿ ಕೊಡು."

ರಾಚಪ್ಪ ಕೂತ. ಇವನು ಅವನೆದುರು ಕುಕ್ಕರುಗಾಲಲ್ಲಿ ಕೂತು, ಆ ಪಾದವನ್ನು ಎತ್ತಿ ತನ್ನ ಧೋತರದ ಮೇಲೆ ಇಟ್ಟುಕೊಂಡ. "ಅಣ್ಣಾ, ಬ್ಯಾಡ್ರಿ! ಪಾಪ ಹತ್ತೈತಿ ನನಗ, ಬಿಡ್ರಿ."

"ಸುಮ್ಮ ಕುಂಡ್ರೋ." ಮುಳ್ಳು ಆಳದಲ್ಲಿತ್ತು. ಚಿಮಟ ಎರಡು ಸಲ ಜಾರಿತು. ಇಷ್ಟು ವರ್ಷ ತನ್ನ ಕಾಲಿಂದ ಇವನು ಎಷ್ಟು ಹಗುರಾಗಿ ತೆಗೆಯುತ್ತಿದ್ದ! ಕೊನೆಗೆ ಮುಳ್ಳು ಬಂತು, ಹಿಂದೆಯೇ ಒಂದು ಹನಿ ರಕ್ತ. ಅದನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದುಕೊಂಡೇ ಕೇಳಿದ: "ಸೀಲು ಒಡದಿತ್ತೇನ?"

"ನೀವು ಹೆಂಗಂತೀರಿ ಹಂಗರಿ."

"ನಾ ಅನ್ನೂದಲ್ಲ. ನೀ ನೋಡಿದ್ದು ಹೇಳು."

ರಾಚಪ್ಪ ರಸ್ತೆಯ ಕಡೆ ಮುಖ ತಿರುಗಿಸಿದ. "ಇಲ್ಲರಿ ಅಣ್ಣಾ. ಗಟ್ಟಿ ಇತ್ತು."

"ಹಂಗಾರ ನಾ ಸೋತೀನಿ."

ಆ ಮಾತನ್ನು ಅವನು ಗಟ್ಟಿಯಾಗಿ ಆಡಿದ್ದು ಅದೇ ಮೊದಲು. ಏನೂ ಆಗಲಿಲ್ಲ. ಕಬ್ಬು ಹೇರಿದ ಟ್ರ್ಯಾಕ್ಟರೊಂದು ಹಾಡು ಹಚ್ಚಿಕೊಂಡು ಹೋಯಿತು. ಎದೆಯಲ್ಲಿ ಏನೋ ಸಡಿಲಾಗಿ, ಉಸಿರು ಹೊಟ್ಟೆಯತನಕ ಇಳಿಯಿತು. ಹಾಯೆನಿಸಿತು, ಸುಖವೆನಿಸಿತು, ಹಾಗೆನಿಸಿದ್ದಕ್ಕೆ ಈಗ ನಾಚಿಕೆಯೂ ಆಗಲಿಲ್ಲ. ರಾಚಪ್ಪ ಮಾತ್ರ ಬಿಕ್ಕಿ ಬಿಕ್ಕಿ ಅಳುತ್ತಿದ್ದ.

"ಅಳಬ್ಯಾಡ. ಮೊನ್ನೆ ಹೊಡದದ್ದು ತಪ್ಪಾತು ನಂದು, ಮನಸಿನ್ಯಾಗ ಇಟ್ಕೋಬ್ಯಾಡ. ಇನ್ನ ನಾ ಇಲೆಕ್ಷನ್ ನಿಂದ್ರೂದಿಲ್ಲ. ನಿಂದ್ರಲಾರದಾಂವ ಗೆಲ್ಲೂದೂ ಇಲ್ಲ. ನಿನ್ನ ಪಣಕ್ಕ ಇನ್ನ ಅರ್ಥ ಇಲ್ಲ, ಇಲ್ಲಿಗೇ ಬಿಡು. ಚಪ್ಪಲಿ ಎಲ್ಲದಾವ?"

"ಸೀಟಿನ ಕೆಳಗ ಅದಾವರಿ," ಎಂದ ರಾಚಪ್ಪ, ಮೂಗು ಒರೆಸಿಕೊಳ್ಳುತ್ತ. ಶಾಂತಲಿಂಗಪ್ಪ ಬಗ್ಗಿ ತೆಗೆದು ಅವನ ಮುಂದೆ ಇಟ್ಟ. ರಾಚಪ್ಪ ಒಂದನ್ನು ಮೆಟ್ಟಿ, ಇವನ ಕಾಲನ್ನು ನೋಡಿದ. "ಮತ್ತ ನಿಮ್ಮವು? ಸೋತೀನಿ ಅಂದ ಮ್ಯಾಲ..."

"ನಾ ಬಿಚ್ಚೂದಿಲ್ಲ."

"ಮಂದಿ ನಗ್ತಾರ್ರಿ."

"ನಗಲಿ. ಬಸವಣ್ಣಗ ನಾ ತಿಳಿಸಿ ಹೇಳ್ತೀನಿ."

ಓಣಿಯ ಬಾಯಲ್ಲೇ ಜೀಪು ನಿಲ್ಲಿಸಿ ಇಬ್ಬರೂ ಇಳಿದು ನಡೆದರು, ಒಬ್ಬನದು ಕರಕರ, ಇನ್ನೊಬ್ಬನದು ಕುಂಟು. ಕಟ್ಟೆಯ ಮೇಲೆ ಸಂಜೆಯ ಮಂದಿ ಕೂತಿದ್ದರು. ಹರಟೆ ನಿಂತಿತು. ಸಾತಲಿಂಗಪ್ಪ ಎದ್ದವನೇ ಬೆಳಿಗ್ಗೆಯ ಹಾಗೆಯೇ ಒಂದು ಚಪ್ಪಲಿ ಬಿಟ್ಟ, ಇನ್ನೊಂದನ್ನು ಬಿಡಲೋ ಬೇಡವೋ ಎಂದು ಹೆಬ್ಬೆರಳಿನ ಮೇಲೆ ತೂಗಿಸಿಕೊಂಡು ನಿಂತ. ಅವನ ಮುಖದಲ್ಲಿದ್ದದ್ದು ಮೋಸವಲ್ಲ, ಮುಜುಗರ. ಪಾಪ, ಎಷ್ಟು ವರ್ಷದಿಂದ ಹೀಗೆ ನಿಂತಿದ್ದನೋ.

"ಹಾಕ್ಕೊಳ್ಳಪಾ ಸಾತಲಿಂಗಪ್ಪ," ಎಂದ ಶಾಂತಲಿಂಗಪ್ಪ, ಓಣಿಗೆಲ್ಲ ಕೇಳುವಂತೆ. "ಎಲ್ಲಾರೂ ಹಾಕ್ಕೋರಿ. ನಾ ಸೋತೀನಿ. ಇನ್ನ ಯಾರೂ ಕಾಲು ಸುಟ್ಕೋಬ್ಯಾಡ್ರಿ."

ಯಾರೋ ಕಿಸಕ್ಕೆಂದು ನಕ್ಕರು. ಅದೇ ನಗು. ಅವನೂ ನಕ್ಕ. ಸಾತಲಿಂಗಪ್ಪ ಚಪ್ಪಲಿ ಮೆಟ್ಟಿಕೊಂಡು, "ಬರ್ರಿ, ಚಹಾ ಕುಡದ ಹೋಗ್ರಿ," ಎಂದ. ಆ ಕರೆ ಕೇಳಿ ಎಷ್ಟೋ ಕಾಲವಾಗಿತ್ತು.

"ಬಂದೆ, ಜಳಕ ಮಾಡಿ ಬರ್ತೀನಿ." ಮನೆಯ ಬಾಗಿಲಲ್ಲಿ ನಿಂತು ಒಳಗೆ ಕೂಗಿದ: "ಗಿರಿಜಾ, ನೀರು ಕಾಸು."

"ಮುಂಜಾನಿಂದ ಕಾದಾವ, ಬರ್ರಿ," ಎಂದಳು ಅವಳು ಬಚ್ಚಲಿನಿಂದ.

ಎಲ್ಲರೂ ಬಿಡುವ ಹಾಗೆ ಚಪ್ಪಲಿಯನ್ನು ಹೊಸ್ತಿಲ ಹೊರಗೆ ಬಿಟ್ಟು, ಅವನು ಒಳಗೆ ಹೋದ.